ಮುಪ್ಪು ನಿವಾರಣಾ ಕ್ಲಿನಿಕ್: ನಡೆಸುವವರಿಗೆ ಕೈಪಿಡಿ

ಮೊದಲು ಬೋರ್ಡು. ‘ಜನರಲ್ ಪ್ರಾಕ್ಟೀಸ್’ ಎಂದು ಬರೆಸಿದರೆ ನೆಗಡಿ, ಭೇದಿಯವರು ಬಂದು ಫೀಸಿಗೂ ಚೌಕಾಸಿ ಮಾಡುತ್ತಾರೆ. ‘ಆಂಟಿ ಏಜಿಂಗ್ ಅಂಡ್ ಇಂಟಿಗ್ರೇಟಿವ್ ಮೆಡಿಸಿನ್’ ಎಂದು ಬರೆಸಿ. ಕಾಯಿಲೆ ಇಲ್ಲದವರು ಬರುತ್ತಾರೆ. ಇಲ್ಲದ ಕಾಯಿಲೆ ವಾಸಿಯಾಗಲಿಲ್ಲವೆಂದು ಯಾರೂ ಜಗಳಕ್ಕೆ ಬರುವುದಿಲ್ಲ.

ಬಂದವರಿಗೆ ಪರಂಪರೆ ಬೇಕು. ಚರಕ ಸಂಹಿತೆಯನ್ನು ಮೇಜಿನ ಮೇಲಿಡಿ. ಅದರ ರಸಾಯನ ಅಧ್ಯಾಯದಲ್ಲಿ ಮುಪ್ಪು ತಡೆಯುವ ಚಿಕಿತ್ಸೆಗೆ ಎರಡು ದಾರಿಗಳಿವೆ. ದೇಹಶುದ್ಧಿ ಮಾಡಿಕೊಂಡು ಕುಟಿಯೊಳಗೆ ಸೇರಿಕೊಳ್ಳುವುದು ಒಂದು. ಗಾಳಿ ಬಿಸಿಲಲ್ಲಿ ಓಡಾಡಿಕೊಂಡೇ ಔಷಧ ಸೇವಿಸುವ ವಾತಾತಪಿಕ ಇನ್ನೊಂದು. ನಿಮ್ಮಲ್ಲಿಗೆ ಬರುವವರಿಗೆಲ್ಲ ಎರಡನೆಯದನ್ನು ಕೊಟ್ಟು ಮೊದಲನೆಯದರ ರೇಟು ಹಾಕಿ. ಎಚ್ಚರಿಕೆ: ಅದೇ ಅಧ್ಯಾಯದ ಕೊನೆಗೆ ‘ಆಚಾರ ರಸಾಯನ’ ಎಂಬ ಭಾಗವಿದೆ. ನಿಜ ನುಡಿಯುವವನು, ಸಿಟ್ಟಾಗದವನು, ಹೆಂಡ ಮುಟ್ಟದವನು, ಹದವಾಗಿ ನಿದ್ದೆ ಮಾಡುವವನು ದಿನಾ ರಸಾಯನ ಸೇವಿಸಿದಂತೆಯೇ ಎನ್ನುತ್ತಾನೆ ಚರಕ. ಇದಕ್ಕೆ ಬಿಲ್ ಬರೆಯಲು ಬರುವುದಿಲ್ಲ. ಆ ಪುಟಗಳಿಗೆ ಕ್ಲಿಪ್ ಹಾಕಿಡಿ.

ವಿದೇಶಿ ಪರಂಪರೆ ಕೇಳುವವರಿಗೆ ಬ್ರೌನ್ ಸೆಕಾರ್ ಇದ್ದಾನೆ. ಸಾಮಾನ್ಯನಲ್ಲ, ಅಂಗಕ್ರಿಯಾ ವಿಜ್ಞಾನದಲ್ಲಿ ದೊಡ್ಡ ಹೆಸರು. 1889ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಯ ವೃಷಣಗಳನ್ನು ಅರೆದು ಸೋಸಿದ ರಸವನ್ನು ತನಗೇ ಚುಚ್ಚಿಕೊಂಡ. ಪ್ಯಾರಿಸ್ಸಿನ ವಿದ್ವತ್ಸಭೆಯಲ್ಲಿ ಎದ್ದು ನಿಂತು, ಮೆಟ್ಟಿಲು ಹತ್ತುವುದು ಸಲೀಸಾಗಿದೆ, ಮೂತ್ರದ ಧಾರೆ ಮೊದಲಿಗಿಂತ ಕಾಲುಭಾಗಕ್ಕೂ ಹೆಚ್ಚು ದೂರ ಬೀಳುತ್ತಿದೆ ಎಂದು ವರದಿ ಒಪ್ಪಿಸಿದ. ಅಳೆದೇ ಹೇಳಿದ್ದು! ಟೆಸ್ಟೊಸ್ಟೆರಾನ್ ನೀರಲ್ಲಿ ಕರಗುವುದೇ ಅಪರೂಪ, ಆ ರಸದಲ್ಲಿ ಅದು ಇದ್ದಿದ್ದೂ ಅಷ್ಟಕ್ಕಷ್ಟೆ. ಆದರೂ ಮುದುಕನಿಗೆ ಹುರುಪು ಬಂತಲ್ಲ, ನಿಮ್ಮ ಇಡೀ ಕಸುಬು ನಿಂತಿರುವುದು ಆ ಹುರುಪಿನ ಮೇಲೆ. ಐದು ವರ್ಷಕ್ಕೆ ಅವನು ತೀರಿಕೊಂಡದ್ದನ್ನು ಕೇಳಿದರೆ ಮಾತ್ರ ಹೇಳಿ.

ಗ್ರೋತ್ ಹಾರ್ಮೋನ್ ಮಾರುವವರು 1990ರ ಒಂದು ಅಮೆರಿಕನ್ ಪ್ರಬಂಧವನ್ನು ಲ್ಯಾಮಿನೇಟ್ ಮಾಡಿಸಿ. ಅರುವತ್ತು ದಾಟಿದ 12 ಗಂಡಸರಿಗೆ ಆರು ತಿಂಗಳು ಚುಚ್ಚಿದಾಗ ಕೊಬ್ಬು ಇಳಿಯಿತಂತೆ. ಹನ್ನೆರಡೇ ಜನವೇ ಎಂದು ಯಾರೂ ಕೇಳುವುದಿಲ್ಲ. ಆಮೇಲಿನ ಪ್ರಯೋಗಗಳಲ್ಲಿ ಕಂಡ ಕೀಲುನೋವು, ಊತ, ಏರಿದ ಸಕ್ಕರೆ ಲ್ಯಾಮಿನೇಷನ್ನಿಗೆ ಹಿಡಿಸುವುದಿಲ್ಲ.

ಇನ್ನು ಯಂತ್ರಭಾಗ: ಜೈವಿಕ ವಯಸ್ಸಿನ ಟೆಸ್ಟು. 2013ರಲ್ಲಿ ಸ್ಟೀವ್ ಹೊರ್ವಾತ್ ಎಂಬ ವಿಜ್ಞಾನಿ ಡಿಎನ್‌ಎ ಮೇಲಿನ 353 ತಾಣಗಳ ರಾಸಾಯನಿಕ ಗುರುತು ನೋಡಿ ವಯಸ್ಸು ಅಂದಾಜಿಸುವ ಗಡಿಯಾರ ಕಟ್ಟಿದ. ವಿಜ್ಞಾನ ಗಟ್ಟಿಯದೇ. ಆದರೆ ಒಂದೇ ಸ್ಯಾಂಪಲ್ಲನ್ನು ಎರಡು ಸಲ ಓಡಿಸಿದರೆ ಕೆಲವು ವರ್ಷ ಹಿಂದುಮುಂದಾಗುವುದುಂಟು. ಇದು ದೋಷವಲ್ಲ, ಸೌಲಭ್ಯ. ವಯಸ್ಸು ಇಳಿದರೆ ‘ನೋಡಿ ಮೇಡಂ’ ಎನ್ನಿ. ಏರಿದರೆ ‘ಡಿಟಾಕ್ಸ್ ಈಗ ಶುರುವಾಗಿದೆ, ಇನ್ನೊಂದು ಪ್ಯಾಕೇಜ್ ಬೇಕಾದೀತು’ ಎನ್ನಿ. ಆ ಪ್ಯಾಕೇಜಿನಲ್ಲಿ ಕೊಡುವ ಗ್ಲುಟಾಥಿಯೋನ್ ಡ್ರಿಪ್ಪಿನ ಬಾಟಲಿ ಗಿರಾಕಿಯ ಕಣ್ಣಿಗೆ ಕಾಣುವಂತಿರಲಿ. ತೊಟ್ಟಿಕ್ಕುವುದನ್ನು ನೋಡುತ್ತ ಮಲಗಿದರೇನೇ ಅವರಿಗೆ ಸಮಾಧಾನ.

ದೋಷ ನಿವಾರಣೆ. ಗಿರಾಕಿ ಬಿ.ಪಿ. ನೋಡಿ ಎಂದರೆ ನೋಡಿಬಿಡಿ, ಕೆಲವೊಮ್ಮೆ 170 ಇರುತ್ತದೆ. ನಾಲ್ಕು ರೂಪಾಯಿಯ ಮಾತ್ರೆ ಬರೆದು, ಉಪ್ಪು ಕಡಿಮೆ ಮಾಡಿಸಿ, ದಿನಾ ನಡೆಯಲು ಹೇಳಿ ಕಳಿಸಬೇಕಾದೀತು. ಆ ದಿನದ ಗಲ್ಲಾಪೆಟ್ಟಿಗೆ ನೋಡಬೇಡಿ. ‘ಡಾಕ್ಟ್ರೇ, ನಿಮ್ಮ ಜೈವಿಕ ವಯಸ್ಸೆಷ್ಟು?’ ಎಂದು ಕೇಳಿದರೆ ರಿಪೋರ್ಟ್ ಬಂದಿಲ್ಲ ಎನ್ನಿ. ಡೈ ಮಾಡಿಸಿಕೊಂಡ ಮರುದಿನ ಕಿವಿಯ ಹಿಂದೆ ಉಳಿದ ಕಪ್ಪನ್ನು ಒರೆಸಿಕೊಂಡೇ ಕ್ಲಿನಿಕ್ಕಿಗೆ ಬನ್ನಿ.