ನೊಣ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ನೊಣ ಕಟ್ಟಿ ನೋಡು ಅನ್ನುವುದನ್ನು ಯಾಕೆ ಬಿಟ್ಟರೋ! ಶಿಕಾಗೋ ಹೊರವಲಯಕ್ಕೆ ಬಂದು ನೆಲೆಸಿ, ಲೈಸೆನ್ಸ್ ಮಾಡಿಸಿ, ಕೆರೆಯಲ್ಲಿ ಗಾಳ ಹಾಕುವ ಗೀಳು ಹತ್ತಿಸಿಕೊಂಡ ನನಗೆ ಒಂದು ದಿನ ಸ್ವಾಭಿಮಾನ ಕೆರಳಿತು. ಅಂಗಡಿಯ ಎರೆಹುಳು ಎಷ್ಟು ದಿನ? ಕೊಕ್ಕೆಗೆ ದಾರ, ಗರಿ ಸುತ್ತಿ, ನೀರಲ್ಲಿ ಮುಳುಗಿದ ಹುಳದಂತೆ ಕಾಣಿಸುವ ವೆಟ್ ಫ್ಲೈ ಎಂಬ ನಕಲಿ ನೊಣವನ್ನು ನಾನೇ ಕಟ್ಟಬಾರದೇಕೆ? ಹಿಡಿಯಬೇಕಾದದ್ದು ಬ್ಲೂಗಿಲ್. ಅಂಗೈಯಗಲದ ಮೀನು, ಇಲಿನಾಯ್ ರಾಜ್ಯದ ಅಧಿಕೃತ ಮೀನು. ಮ್ಯಾಸಿಡೋನಿಯಾದವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಸಿಕ್ಕಿಸಿ ಮೀನು ಹಿಡಿಯುತ್ತಿದ್ದರೆಂದು ರೋಮಿನ ಈಲಿಯನ್ ಸುಮಾರು 1,800 ವರ್ಷಗಳ ಹಿಂದೆಯೇ ಬರೆದಿದ್ದಾನೆ. ಅವರಿಗೆ ಟೇಬಲ್ ಲ್ಯಾಂಪ್ ಇರಲಿಲ್ಲ, ವಿಡಿಯೊ ಇರಲಿಲ್ಲ. ನನಗೆ ಎಲ್ಲವೂ ಇತ್ತು, ಕೈಗುಣವೊಂದು ಬಿಟ್ಟು.

ಬ್ಲೂಗಿಲ್‌ನ ಬಾಯಿ ಪುಟ್ಟದು. ಪುಟ್ಟ ಬಾಯಿಗೆ ಪುಟ್ಟ ನಂಬರು ಎಂದು ಲೆಕ್ಕ ಹಾಕಿ 1ನೇ ನಂಬರಿನ ಕೊಕ್ಕೆ ತರಿಸಿದೆ. ನಂಬರು ಏರಿದಷ್ಟೂ ಕೊಕ್ಕೆ ಸಣ್ಣದಾಗುತ್ತದೆ ಎಂದು ಯಾರಿಗೆ ಗೊತ್ತು ಸ್ವಾಮಿ? ಬಂದ ಕೊಕ್ಕೆಯಲ್ಲಿ ಕೋಟು ನೇತುಹಾಕಬಹುದಿತ್ತು! ಮತ್ತೆ 10ನೇ ನಂಬರು ತರಿಸಿದ್ದಾಯಿತು.

ಕೊಕ್ಕೆಯನ್ನು ವೈಸ್ ಎಂಬ ಇಕ್ಕಳಕ್ಕೆ ಕಚ್ಚಿಸಿ ದಾರ ಸುತ್ತತೊಡಗಿದೆ. ಎಳೆದರೆ ದಾರ ತುಂಡು, ಸಡಿಲ ಬಿಟ್ಟರೆ ಎಲ್ಲ ಬಿಚ್ಚಿ ಕೆಳಗೆ. ಕೊಕ್ಕೆಯ ಕಣ್ಣಿನ ಬಳಿ ಜಾಗ ಬಿಡಬೇಕೆನ್ನುವುದು ಮೊದಲ ಪಾಠ. ನಾನು ಕಣ್ಣನ್ನೇ ಮುಚ್ಚಿಬಿಟ್ಟೆ. ಇನ್ನು ಲೈನು ಪೋಣಿಸುವುದೆಲ್ಲಿ? ಅಷ್ಟರಲ್ಲಿ ಫೋನ್ ಬಂತು. ಎದ್ದೆ. ವೈಸ್, ಲ್ಯಾಂಪು, ಗರಿಯ ಡಬ್ಬಿ ಎಲ್ಲವೂ ನನ್ನ ಜತೆಗೇ ಎದ್ದವು. ಅಂಗಿಯ ತೋಳನ್ನೂ ಸೇರಿಸಿ ಬಿಗಿದಿದ್ದೆ.

ಒಡಲಿಗೆ ನವಿಲುಗರಿಯ ಎಳೆ ಸುತ್ತಬೇಕು. ಅದರ ಹಸಿರು ಮಿಂಚಿಗೆ ಮೀನು ಮರುಳಾಗುತ್ತದಂತೆ. ಅಂಗಡಿಗೆ ಯಾಕೆ ಹೋಗಬೇಕು, ದೇವರ ಮನೆಯಲ್ಲಿ ಕೃಷ್ಣನ ಪಟಕ್ಕೆ ಸಿಕ್ಕಿಸಿದ ಗರಿಯಿದೆಯಲ್ಲ! ಕೈಮುಗಿದು ಎರಡೆಳೆ ಕಿತ್ತೆ. ಸುತ್ತುವಾಗ ಮುರಿದವು. ಇನ್ನೆರಡು ಕಿತ್ತೆ. ಹೀಗೇ ಕೀಳುತ್ತಾ ಹೋಗಿ ಕೊನೆಗೆ ಕೃಷ್ಣನಿಗೆ ಬರೀ ಕಡ್ಡಿ ಉಳಿಯಿತು.

"ರೀ, ಗರಿಗೇನಾಯ್ತು?" ಎಂದಳು ಹೆಂಡತಿ.

"ನುಸಿ ತಿಂದಿರಬೇಕು ಕಣೇ," ಎಂದೆ.

"ನಿಮ್ಮ ಮೀಸೆಗೂ ಹತ್ತಿದೆ ನೋಡಿ ಆ ನುಸಿ," ಎಂದು ಒಂದು ಹಸಿರೆಳೆ ಕಿತ್ತು ಕೈಗಿಟ್ಟಳು.

ಕೊನೆಯ ಗಂಟಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದರೆ ಗಟ್ಟಿ. ನನ್ನ ಕೈಗೆ ಸಿಕ್ಕಿದ್ದು ಕೆಂಪು. ನೊಣದ ಕುತ್ತಿಗೆಗೆ ಸುತ್ತಿದ ಕೋಳಿಗರಿ ಮೂಗಿಗೆ ತಾಗಿ ಸೀನು ಬಂತು, ಬಾಟಲಿ ಮಗುಚಿತು. ಬಾಡಿಗೆ ಮನೆಯ ಬಿಳಿ ಕಾರ್ಪೆಟ್ ನೋಡಿದವರು ಪೊಲೀಸರಿಗೆ ಫೋನ್ ಮಾಡಬೇಕು, ಹಾಗಿತ್ತು.

ಇಷ್ಟಾದ ಮೇಲೂ ಜೂನ್ ತಿಂಗಳ ಒಂದು ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಕೆರೆಗೆ ಹೋದೆ. ಮೊದಲ ಬೀಸಿಗೆ ನನ್ನ ಟೋಪಿ ಸಿಕ್ಕಿತು. ಎರಡನೆಯದಕ್ಕೆ ಮರದ ಕೊಂಬೆ. ಮೂರನೆಯದು ಎಲ್ಲಿ ಸಿಕ್ಕಿತೆಂದು ಕೇಳಬೇಡಿ, ಅಂದು ಸಂಜೆಯವರೆಗೆ ನಾನು ಕೂರಲಿಲ್ಲ. ದಡದಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಮರುಕದಿಂದ ತನ್ನ ಡಬ್ಬಿಯ ಎರೆಹುಳು ಕೊಡಲು ಬಂದಳು.

ಆಗ ಜಗ್ಗಿತು ನೋಡಿ ಗಾಳ! ಅರ್ಧ ಬಿಚ್ಚಿಹೋದ ನನ್ನ ನೊಣಕ್ಕೆ ಬ್ಲೂಗಿಲ್ ಕಚ್ಚಿತ್ತು. ನಾನು ಕುಣಿದ ರಭಸಕ್ಕೆ ಉಳಿದ ಮೀನೆಲ್ಲ ಆಚೆ ದಡ ಸೇರಿರಬೇಕು. ಪಕ್ಕದ ಅಜ್ಜ ಮೆಲ್ಲಗೆ ವಿಷಯ ತಿಳಿಸಿದರು. ಬೇಸಿಗೆಯ ಶುರುವಿನಲ್ಲಿ ಗಂಡು ಬ್ಲೂಗಿಲ್ ತೀರದ ಆಳವಿಲ್ಲದ ನೀರಲ್ಲಿ ಬಾಲದಿಂದ ತಳ ಗುಡಿಸಿ ಗೂಡು ಮಾಡಿ, ಮೊಟ್ಟೆ ಕಾಯುತ್ತದೆ. ಹತ್ತಿರ ಏನು ಬಂದರೂ ಕಚ್ಚಿ ಓಡಿಸುತ್ತದೆ. ಅಂದರೆ ಅದು ನನ್ನ ಕಲೆಗೆ ಮರುಳಾಗಿ ಬಂದದ್ದಲ್ಲ, ಮನೆಬಾಗಿಲಿಗೆ ಬಿದ್ದ ಕಸ ಎತ್ತಿ ಬಿಸಾಡಲು ಬಂದದ್ದು! ಕ್ಷಮೆ ಕೇಳಿ ನೀರಿಗೆ ಬಿಟ್ಟೆ.

ನೀವೂ ಕಟ್ಟುವವರಿದ್ದರೆ ಮೂರು ಮಾತು ನೆನಪಿರಲಿ: ಕೊಕ್ಕೆಯ ಕಣ್ಣು ಮುಚ್ಚಬೇಡಿ, ದೇವರ ಗರಿ ಮುಟ್ಟಬೇಡಿ, ಗಾಳ ಹಾಕಲು ಜೂನ್ ತಿಂಗಳನ್ನೇ ಆರಿಸಿಕೊಳ್ಳಿ. ಆಗ ನಮ್ಮಂಥವರು ಕಟ್ಟಿದ್ದಕ್ಕೂ ಮೀನು ಕಚ್ಚುತ್ತದೆ.