ಅಪೀಲಣ್ಣ

ಕರಾವಳಿಯ ಯಾವ ಸಿ.ಎಸ್.ಐ. ಸಭೆಗೆ ಹೋದರೂ ಒಬ್ಬ ಅಪೀಲಣ್ಣ ಸಿಕ್ಕೇ ಸಿಗುತ್ತಾರೆ. ನಮ್ಮವರಿಗೆ ವಯಸ್ಸು ಐವತ್ತೆರಡು, ಎರಡೂ ಮಂಡಿಗೆ ಕ್ರೇಪ್ ಬ್ಯಾಂಡೇಜು, ಯೂತ್ ತಂಡದ ಕಾಯಂ ವಿಕೆಟ್ ಕೀಪರ್. 'ಯೂತ್' ಎಂದರೆ ಎಷ್ಟು ವಯಸ್ಸಿನವರೆಗೆ ಎಂಬ ಪ್ರಶ್ನೆ ಒಮ್ಮೆ ಮಹಾಸಭೆಯಲ್ಲಿ ಎದ್ದಿತ್ತು. ಅವರು ಅಪೀಲು ಮಾಡಿದರು. ಪ್ರಶ್ನೆ ಮತ್ತೆ ಏಳಲಿಲ್ಲ.

ನಮ್ಮದು ಅಂಡರ್ ಆರ್ಮ್ ಕ್ರಿಕೆಟ್. ಟೆನಿಸ್ ಚೆಂಡು, ಚರ್ಚಿನ ಅಂಗಳ, ಎಲ್‌ಬಿಡಬ್ಲ್ಯೂ ಇಲ್ಲ. ಆದರೆ ಚೆಂಡು ಚರ್ಚಿನ ಮಾಡಿಗೆ ಬಿದ್ದರೆ ಔಟು. ಅದು ಬಾಸೆಲ್ ಮಿಷನ್ ಹಂಚು. 1865ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನವರು ಶುರುಮಾಡಿದ ಹಂಚಿನ ಕೆಲಸ ಎಂದೋ ನಿಂತಿದೆ, ಒಡೆದರೆ ಜೋಡಿ ಹುಡುಕಬೇಕು. ಇಷ್ಟು ಸರಳ ನಿಯಮದಲ್ಲೂ ಅಪೀಲಣ್ಣನಿಗೆ ಸಂದು ಕಾಣುತ್ತದೆ. ಕಳೆದ ಸಲ ಅವರು ಎತ್ತಿ ಹೊಡೆದದ್ದು ಸೀದಾ ಮಾಡಿನ ಮೇಲೆ ಬಿತ್ತು. "ಅದು ಪೋರ್ಟಿಕೋ ಮಾರಾಯ, ಮೊನ್ನೆ ಕಟ್ಟಿದ್ದು. ಅದರ ಹಂಚು ಬಾಸೆಲ್ ಮಿಷನ್ನಿನದ್ದಾ?" ಎಂದರು. ಅಂಪೈರಾಗಿದ್ದ ಹತ್ತನೇ ಕ್ಲಾಸಿನ ಹುಡುಗ ಪಾಪ, ಏಣಿ ಹುಡುಕಲು ಹೋದ.

ನಮ್ಮ ಸಭಾಪಾಲಕರು ಒಂದು ಭಾನುವಾರ ಉಪಾಯ ಮಾಡಿ ಎರಿಕ್ ಲಿಡೆಲ್‌ನನ್ನು ಪ್ರಸಂಗಕ್ಕೆ ಎಳೆತಂದರು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೂರು ಮೀಟರಿನ ಹೀಟ್ಸ್ ಭಾನುವಾರ ಬಂತೆಂದು ಓಡಲೊಲ್ಲದೆ, ನಾನೂರು ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದವನು. ಮುಂದೆ ಚೀನಾದಲ್ಲಿ ಮಿಷನರಿಯಾಗಿದ್ದು, ಯುದ್ಧಕಾಲದಲ್ಲಿ ಜಪಾನೀಯರ ಬಂಧನ ಶಿಬಿರ ಸೇರಿದಾಗಲೂ ಭಾನುವಾರ ಆಟ ಆಡಿಸುತ್ತಿರಲಿಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾನೇ ಅಂಪೈರಾಗಿ ನಿಂತ. ಇಲ್ಲಿಗೆ ಬಂದಾಗ ಅಯ್ಯನವರ ಸ್ವರ ಇಳಿಯಿತು, ಕಣ್ಣು ಮೂರನೇ ಬೆಂಚಿನ ಮೇಲೆ ನಿಂತಿತು. ನಮಗೆಲ್ಲ ಅರ್ಥವಾಯಿತು. ಆರಾಧನೆ ಮುಗಿದು ಬಾಗಿಲಲ್ಲಿ ಕೈಕುಲುಕುವಾಗ ಅಪೀಲಣ್ಣ ಕೇಳಿದರು, "ಅಯ್ಯನವರೇ, 47.6 ಅಂದ್ರಲ್ಲ, ಗಡಿಯಾರ ಹಿಡಿದದ್ದು ಯಾರು?"

ಇಂಥವರನ್ನು ಪ್ರೀತಿಸಬೇಕು. ನಾನು ಪ್ರೀತಿಸುತ್ತೇನೆ, ಲೆಕ್ಕವನ್ನೂ ಇಟ್ಟಿದ್ದೇನೆ. ತಂಡದ ಸ್ಕೋರ್ ಪುಸ್ತಕ ನನ್ನ ಹತ್ತಿರವೇ ಇರುತ್ತದೆ. ಹಿಂದಿನ ಹಾಳೆಯಲ್ಲಿ, ಅವರನ್ನು ಕ್ಷಮಿಸಿದಾಗಲೆಲ್ಲ ಒಂದು ಗೀಟು. ನನ್ನನ್ನು ಅರ್ಧ ಪಿಚ್ಚಿಗೆ ಕರೆದು ಹಿಂದೆ ಓಡಿದ್ದಕ್ಕೆ ಒಂದು, ಔಟಾಗಿ ಬಂದ ಮೇಲೆ "ನೀನು ಕಣ್ಣು ಬಿಟ್ಟು ಓಡಬೇಕಿತ್ತು" ಎಂದದ್ದಕ್ಕೆ ಇನ್ನೊಂದು. ಎಷ್ಟು ಸಲ ಕ್ಷಮಿಸಬೇಕೆಂದು ಯೇಸು ಪೇತ್ರನಿಗೆ ಹೇಳಿದ ಲೆಕ್ಕ ಎಪ್ಪತ್ತು ಗುಣಿಸು ಏಳು, ಅಂದರೆ 490 ಎಂದೇ ನಾನು ನಂಬಿಕೊಂಡಿದ್ದೆ. ಕೆಲವು ಇಂಗ್ಲಿಷ್ ಅನುವಾದಗಳಲ್ಲಿ ಬರೀ 77 ಇದೆ ಎಂದು ಗೊತ್ತಾದ ದಿನ ಪುಸ್ತಕ ತೆಗೆದು ಎಣಿಸಿದೆ. ನಾನು 112ರಲ್ಲಿದ್ದೆ! ಮೂವತ್ತೈದು ಎಕ್ಸ್‌ಟ್ರಾ.

ಒಂದು ವಿಷಯ ಮಾತ್ರ ಯಾವ ಕಾಲಂನಲ್ಲಿ ಹಾಕುವುದೆಂದು ನನಗೆ ತಿಳಿಯಲಿಲ್ಲ. ಹೋದ ವರ್ಷದ ಸೆಮಿಫೈನಲಿನಲ್ಲಿ ಎದುರು ಸಭೆಯ ಹುಡುಗನನ್ನು ಅಪೀಲಣ್ಣ ರನ್ ಔಟ್ ಮಾಡಿದರು. ಅಂಪೈರ್ ಬೆರಳೆತ್ತಿದ, ಹುಡುಗ ಹೊರಟ, ನಾವು ಕುಣಿದೆವು. ಇವರು ಮಾತ್ರ ವಿಕೆಟಿನ ಹತ್ತಿರ ಕೂತುಬಿಟ್ಟರು. "ಬೇಲ್ಸ್ ಬಿದ್ದದ್ದು ನನ್ನ ಮೊಣಕೈಗೆ. ಚೆಂಡು ಆಮೇಲೆ ಬಂತು. ಅವನನ್ನು ವಾಪಸ್ ಕರೀರಿ." ಅಂಪೈರ್ ಒಪ್ಪಲಿಲ್ಲ. ಹತ್ತು ನಿಮಿಷ ತಮ್ಮ ವಿರುದ್ಧ ತಾವೇ ಅಪೀಲು ಮಾಡಿದರು, ಕಂಠ ಬಿರಿಯುವ ಹಾಗೆ. ಕೊನೆಗೆ ಹುಡುಗ ವಾಪಸ್ ಬಂದ, ಮೂರು ಸಿಕ್ಸರ್ ಬಾರಿಸಿದ, ನಾವು ಮನೆಗೆ ಬಂದೆವು. ಅದಕ್ಕೂ ಒಂದು ಗೀಟು ಎಳೆದೆ. 113.

ಈ ವರ್ಷ ಫೈನಲ್. ಗೆಲ್ಲಲು ನಾಲ್ಕು ರನ್ನು, ನಾನು ಸ್ಟ್ರೈಕಿನಲ್ಲಿ, ಅಪೀಲಣ್ಣ ಆ ತುದಿಯಲ್ಲಿ. ಚೆಂಡು ಸಣ್ಣಗೆ ಸವರಿಕೊಂಡು ಹೋಗಿ ಕೀಪರ್ ಕೈ ಸೇರಿತು. ಅವರ ತಂಡ ಇಡೀ ಕೂಗಿತು. ಅಂಪೈರ್ ಇಲ್ಲವೆಂದು ತಲೆಯಾಡಿಸಿದ. ನಾನು ಚರ್ಚಿನ ಹಂಚು ನೋಡುತ್ತ ನಿಂತೆ. ಅಪೀಲಣ್ಣ ತುಟಿ ಎರಡು ಮಾಡಲಿಲ್ಲ, ನನ್ನ ಮುಖವನ್ನಷ್ಟೇ ನೋಡಿದರು. ಮುಂದಿನ ಚೆಂಡಿಗೆ ಫೋರ್. ಕಪ್ಪು ನಮ್ಮದು.

ಮರು ಭಾನುವಾರ ಕರ್ತನ ಭೋಜನ. ಆಗ ನಮ್ಮಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ, ಕೇರಳದ ಸುರಿಯಾನಿ ಕ್ರೈಸ್ತರ ಕಡೆಯಿಂದ ಬಂದದ್ದು. ಬಲಗೈಗೆ ಬಲಗೈ ಕೊಟ್ಟು ಅದರ ಮೇಲೆ ಎಡಗೈ ಮುಚ್ಚುತ್ತಾರೆ. ಒಮ್ಮೆ ಸಿಕ್ಕಿದರೆ ಬಿಡಿಸಿಕೊಂಡು ಓಡುವ ಹಾಗಿಲ್ಲ. ಬೆಂಚಿನುದ್ದಕ್ಕೂ ಬಂದ ಸಮಾಧಾನ ಅಪೀಲಣ್ಣನಿಂದ ನನಗೆ ತಲುಪಿತು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ಹತ್ತಿರ ಬಗ್ಗಿ, ಬಹಳ ಮೆತ್ತಗೆ ಕೇಳಿದರು:

"ತಾಗಿತ್ತು ಅಲ್ವಾ?"

ನನ್ನ ಆಚೆ ಇನ್ನೂ ಐದು ಜನ ಸಮಾಧಾನಕ್ಕಾಗಿ ಕೈ ಚಾಚಿ ಕಾಯುತ್ತಿದ್ದರು.