ಅರ್ಧ ಮಿಲಿಮೀಟರಿನ ಹಟ

ಯುರೋಪಿನ ‘ಎನ್’ ಅಳತೆಯ ಪುಟ್ಟ ಮಾದರಿ ರೈಲು ಅಸಲಿಗಿಂತ 160 ಪಟ್ಟು ಚಿಕ್ಕದು. ಹಳಿಗಳ ನಡುವೆ 9 ಮಿಲಿಮೀಟರ್. ಬ್ರಿಟನ್ನಿನವರದು 148 ಪಟ್ಟು, ಹಳಿ ಮಾತ್ರ ಅದೇ! ಬ್ರಿಟಿಷ್ ಇಂಜಿನ್ನುಗಳ ಮೈಕಟ್ಟೇ ಸಣ್ಣದು, ಒಳಗೆ ಮೋಟಾರು ಹಿಡಿಸಲಿಲ್ಲ. ಇಂಜಿನ್ನನ್ನು ಉಬ್ಬಿಸಿ ಹಳಿಯನ್ನು ಹಾಗೇ ಬಿಟ್ಟರು. ತಮ್ಮನ ಚಪ್ಪಲಿಯಲ್ಲಿ ಕಾಲು ತೂರಿಸಿಕೊಂಡ ಅಣ್ಣನ ಹಾಗೆ ಅದು ಇವತ್ತಿಗೂ ಓಡುತ್ತಿದೆ.

ಇದನ್ನು ಸಹಿಸದವರಿಗಾಗಿ 1960ರಿಂದ ಅಲ್ಲೊಂದು ಸಂಘವಿದೆ, 2 ಎಂಎಂ ಸ್ಕೇಲ್ ಅಸೋಸಿಯೇಷನ್. ಅಸಲಿ ರೈಲಿನ ಒಂದು ಅಡಿಗೆ 2 ಮಿಲಿಮೀಟರ್ ಲೆಕ್ಕ, ಹಳಿಯ ಅಂತರ 9.42. ಹೌದು, ಜಗಳ ಇರುವುದು ಆ 0.42ರ ಮೇಲೆ! ಅಷ್ಟಕ್ಕಾಗಿ ಅಂಗಡಿಯ ಹಳಿ, ಚಕ್ರ ಬದಿಗಿಟ್ಟು, ಸಂಘದ ಮಳಿಗೆಯಿಂದ ಬಿಡಿಭಾಗ ತರಿಸಿ, ಮಸೂರ ಹಿಡಿದು ಕೂರುತ್ತಾರೆ.

ಇಂಜಿನ್ ಕಟ್ಟುವ ಕಿಟ್ ಅಂದರೆ ಬಹುಪಾಲು ಕೊರೆದ ಹಿತ್ತಾಳೆ ತಗಡು. ಕತ್ತರಿಸಬೇಕು, ಮಡಚಬೇಕು, ಬೆಸೆಯಬೇಕು. ಎರಡನೇ ಚೂರನ್ನು ಬೆಸೆಯುವಷ್ಟರಲ್ಲಿ ಮೊದಲನೆಯದು ಬಿಸಿಗೆ ಬಿಟ್ಟುಕೊಳ್ಳುತ್ತದೆ. ಚಿಮಟದಿಂದ ಚಿಮ್ಮಿದ ಹಿಡಿಕೆಯನ್ನಂತೂ ಮನೆಮಂದಿಯೆಲ್ಲ ಟಾರ್ಚ್ ಹಿಡಿದು ಹುಡುಕಬೇಕು. ಇಷ್ಟೆಲ್ಲ ಆದಮೇಲೆ ಕಿಟ್ಟಿನ ಜೊತೆ ಬಂದ ಕಾಗದದ ಮೂಲೆಯಲ್ಲಿ ಸಣ್ಣ ಅಕ್ಷರ ಕಾಣುತ್ತದೆ: ‘ಚಕ್ರ, ಮೋಟಾರು, ಬಣ್ಣ ಪ್ರತ್ಯೇಕ.’ ಹಾಗಾದರೆ ದುಡ್ಡು ಕೊಟ್ಟದ್ದು ಯಾತಕ್ಕೆ ಎಂದು ಇವರು ಕೇಳುವುದಿಲ್ಲ, ಪಾಪ.

ಕೊನೆಗೂ ರೈಲು ಹೊರಟಿತೆನ್ನಿ. ನೋಡಲು ಬಂದ ನೆಂಟರು ಹಳಿಯ ಅಂತರ ಕೇಳುತ್ತಾರೆಯೇ? “ಇದು ಹೊಗೆ ಬಿಡೋದಿಲ್ವಾ?”